ಕೆಂಪು ಜಾಕೆಟ್ ಹಾಕಿದವರ ಮಾತು

ಆಸ್ಪತ್ರೆಯಲ್ಲಿ ನಗಬಾರದೆಂದು ನಾನೇ ಕಟ್ಟಪ್ಪಣೆ ಮಾಡಿದ್ದೆ. ಆದರೂ ಮೇಟ್ರನ್ ಆಗಿದ್ದಷ್ಟು ಕಾಲವೂ ನಗುವ ಪ್ರಸಂಗಗಳು ಹೊರರೋಗಿಗಳ ಹಾಗೆ, ಚೀಟಿಯಿಲ್ಲದೆ ಒಳಗೆ ಬರುತ್ತಲೇ ಇದ್ದವು.

೧. ಎಲ್ಲರೂ ಯಜಮಾನರು

ತೊಂಬತ್ತರ ದಶಕ. ಭದ್ರಾವತಿ ನ್ಯೂ ಟೌನಿನ ನಮ್ಮ ಸಣ್ಣ ಆಸ್ಪತ್ರೆಗೆ ಮದುವೆ ವ್ಯಾನ್ ಮಗುಚಿ ಒಂಬತ್ತು ಜನ ಬಂದರು. ಡಾಕ್ಟರು ಒಂದು ಹೇಳಿದರು, ನಾನೊಂದು ಹೇಳಿದೆ, ಕಾಂಪೌಂಡರ್ ಮತ್ತೊಂದು. ವಾಚ್‌ಮನ್ ಕೂಡ ಆಜ್ಞೆ ಕೊಟ್ಟ. ಜೋರಾಗಿ ಅತ್ತವರಿಗೆ ಮೊದಲು ಬ್ಯಾಂಡೇಜು. ಒಬ್ಬರಿಗೆ ಇಬ್ಬರು ನರ್ಸುಗಳು ಟಿಟಿ ಇಂಜೆಕ್ಷನ್ ಚುಚ್ಚಿದರು. “ಆಗಲೇ ಕೊಟ್ರಲ್ಲಮ್ಮ” ಎಂದರೆ, “ಅದು ಅವಳದು, ಇದು ನಂದು” ಎಂದಳು ಎರಡನೆಯವಳು.

ಮೂಲೆಯ ಬೆಂಚಿನಲ್ಲಿ ಹೊಟ್ಟೆಯೊಳಗೆ ಪೆಟ್ಟಾಗಿದ್ದ ಹಿರಿಯರೊಬ್ಬರು ಅರ್ಧ ಗಂಟೆ ಯಾರ ಕಣ್ಣಿಗೂ ಬೀಳದೆ ಕೂತಿದ್ದರು. ಹೇಗೋ ಉಳಿದುಕೊಂಡರು. ಮುಂದಿನ ಸಲ ಹೀಗೆ ಮರೆತುಹೋದವರು ಉಳಿಯುತ್ತಾರೆಯೇ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. “ಯಾಕೆ ಕರೀಲಿಲ್ಲ?” ಎಂದು ಕೇಳಿದ್ದಕ್ಕೆ ಅವರೆಂದರು: “ನೀವೆಲ್ಲ ಜಗಳದಲ್ಲಿದ್ರಿ. ಮಧ್ಯೆ ಬಾಯಿ ಹಾಕೋದು ಸರಿಯಲ್ಲ ಅಂತ.”

೨. ತಾಲೀಮು

ಕಾರ್ಖಾನೆಯೊಂದರ ನಿವೃತ್ತ ಸುರಕ್ಷತಾ ಅಧಿಕಾರಿಯನ್ನು ತರಬೇತಿ ಕೊಡಲು ಕರೆಸಿದೆವು. ತರಬೇತಿ ಪಡೆದವರಲ್ಲಿ ಅಪಘಾತವಾದಾಗ ಮೊದಲು ಬಂದವರಿಗೆ ಕೆಂಪು ಜಾಕೆಟ್, ನಡೆಯುವುದು ಅವರದೊಂದೇ ಮಾತು. ಒಬ್ಬರಿಗೆ ಒಂದೇ ಕೆಲಸ. ಗಾಯಾಳುಗಳ ಕೈಗೆ ಪಟ್ಟಿ: ಜೀವಕ್ಕೆ ಅಪಾಯವಿದ್ದರೆ ಕೆಂಪು, ಸ್ವಲ್ಪ ಕಾಯಬಹುದಾದರೆ ಹಳದಿ, ನಡೆದಾಡುವಂತಿದ್ದರೆ ಹಸಿರು. ಡಾಕ್ಟರು ನೋಡದೆ ಪಟ್ಟಿ ಕತ್ತರಿಸುವಂತಿಲ್ಲ. ಅಗ್ನಿಶಾಮಕದವರಿಗೂ ಆಂಬುಲೆನ್ಸಿನವರಿಗೂ ಇದೇ ಪದ್ಧತಿ.

“ಕಸ ಗುಡಿಸುವ ನಮ್ಮ ಆಯಾ ಈ ಜಾಕೆಟ್ ಹಾಕಿದರೆ ಡಾಕ್ಟರೂ ಕೇಳಬೇಕೆ?” ಎಂದೆ.

“ಮೇಟ್ರನ್ನೂ ಕೇಳಬೇಕು” ಎಂದರು.

ತಾಲೀಮಿನಲ್ಲಿ ಕಾಂಪೌಂಡರ್ ಕೆಂಪು ಪಟ್ಟಿ ಕಟ್ಟಿಸಿಕೊಂಡು ಮಲಗಿದ. ಊಟ ತಂದ ಹೆಂಡತಿ, “ಏಳ್ರೀ, ಇದೇನು ಅವತಾರ” ಎಂದು ಅಲುಗಾಡಿಸಿದಳು.

“ಸುಮ್ನಿರೆ ಮಾರಾಯ್ತಿ, ನಂಗೆ ಪ್ರಜ್ಞೆ ಇಲ್ಲ.”

“ಅದು ಮದುವೆ ಆದಾಗ್ಲೇ ಗೊತ್ತಾಗಿದೆ. ಊಟ ಮಾಡಿ.”

೩. ಹನ್ನೆರಡನೆಯವರು

ಮುಂದಿನ ವರ್ಷ ಶಿವಮೊಗ್ಗ ರಸ್ತೆಯಲ್ಲಿ ಬಸ್ಸಿಗೆ ಲಾರಿ ಗುದ್ದಿತು. ಹನ್ನೊಂದು ಗಾಯಾಳುಗಳು. ನಾನು ಓಡಿ ಬರುವಷ್ಟರಲ್ಲಿ ಕೆಂಪು ಜಾಕೆಟ್ ನಮ್ಮ ಆಯಾಳ ಮೈಮೇಲಿತ್ತು. ನನ್ನೆದುರು ಎಂದೂ ತಲೆ ಎತ್ತದ ಹೆಂಗಸು, “ಮೇಟ್ರನಮ್ಮ, ನೀವು ಹಳದಿ ಕಡೆ” ಎಂದಳು. ಹೋದೆ.

ಶಿವಮೊಗ್ಗದಿಂದ ಬಂದ ಆಂಬುಲೆನ್ಸಿನವರು ನಮಗೆ ಅಪರಿಚಿತರು. “ಕೆಂಪು ಎಷ್ಟು?” ಎಂದರು. “ಎರಡು” ಎಂದಳು ಆಯಾ. ಅಷ್ಟೇ ಮಾತು, ವರ್ಷಗಟ್ಟಲೆ ಜೊತೆಗೆ ದುಡಿದವರಂತೆ ಕೈಗಳು ಚಲಿಸಿದವು. ಕಾನ್ವೆಂಟಿನ ಅಸೆಂಬ್ಲಿಯ ಸಾಲಿನಲ್ಲಿ ಬೆಳೆದವಳು ನಾನು. ಇಂಥ ಶಿಸ್ತನ್ನು ಅಲ್ಲೂ ಕಂಡಿರಲಿಲ್ಲ. ಮೂಲೆಯ ಬೆಂಚು ಖಾಲಿ ಇತ್ತು. ನನ್ನ ಕಣ್ಣು ತುಂಬಿತು.

ಅಷ್ಟರಲ್ಲಿ ಸ್ಥಳೀಯ ಮುಖಂಡರೊಬ್ಬರು ಹಿಂಬಾಲಕರೊಂದಿಗೆ ನುಗ್ಗಿದರು. ಆಯಾ ಅಡ್ಡ ನಿಂತಳು. “ಪೆಟ್ಟಾಗಿದೆಯಾ?”

“ನಾನು ಯಾರು ಗೊತ್ತಾ?”

“ಗೊತ್ತು ಸಾರ್. ನಡೀತಿದೀರ, ಮಾತಾಡ್ತಿದೀರ. ಹಸಿರು.” ಪಟ್ಟಿ ಕಟ್ಟಿ ಕೂರಿಸಿಯೇಬಿಟ್ಟಳು.

ಕೊನೆಗೆ ರಿಜಿಸ್ಟರಿನಲ್ಲಿ ಹನ್ನೆರಡು ಜನ. ಮುಖಂಡರು ಹೊರಟರೆ, ಡಾಕ್ಟರು ನೋಡಿ ಪಟ್ಟಿ ಕತ್ತರಿಸುವವರೆಗೆ ಆಯಾ ಬಿಡಲಿಲ್ಲ. ವಿಧಿಯಿಲ್ಲದೆ ಡಾಕ್ಟರು ಅವರ ಬಿ.ಪಿ. ನೋಡಿದರು, ಮತ್ತೊಮ್ಮೆ ನೋಡಿದರು, ಇಸಿಜಿ ತೆಗೆಸಿದರು. ಆಮೇಲೆ ಹಸಿರು ಕತ್ತರಿಸಿ ಕೆಂಪು ಕಟ್ಟಿದರು. ಬಸ್ಸಿನ ಹನ್ನೊಂದು ಜನರೂ ಬದುಕಿದರು, ಬಸ್ಸು ಹತ್ತದ ಈ ಹನ್ನೆರಡನೆಯವರೂ.

ಅವರನ್ನು ಶಿವಮೊಗ್ಗಕ್ಕೆ ಸಾಗಿಸುವಾಗ ಹಿಂಬಾಲಕರೆಲ್ಲ, “ನಾವೂ ಬರ್ತೀವಿ” ಎಂದು ಆಂಬುಲೆನ್ಸಿಗೆ ಮುಗಿಬಿದ್ದರು. ಆಯಾ ಪಟ್ಟಿಗಳ ಕಟ್ಟು ಹಿಡಿದು ಅವರತ್ತ ಒಂದು ಹೆಜ್ಜೆ ಇಟ್ಟಳು.

ಅಂಗಳ ಖಾಲಿಯಾಯಿತು.