ಸಹಿಯಾದ ಮೇಲಿನ ವಿಭೂತಿ

...ಅಥವಾ ನಾನು ಆಗ ನಕ್ಕೆನೋ ಏನೋ. ನನ್ನ ಪಾಲುದಾರ ರುದ್ರಮುನಿಯ ಪ್ರಕಾರ ಕೂಗಾಡಿದೆ. ನನ್ನ ನೆನಪಿನ ಪ್ರಕಾರ ಸಜ್ಜನನಂತೆ ನಕ್ಕೆ. ನೆನಪು ಯಾವಾಗಲೂ ಯಜಮಾನನ ಕಡೆಯೇ ಸಾಕ್ಷಿ ಹೇಳುವ ಪ್ರಾಣಿ. ಅದನ್ನು ನಾನು ನಂಬುವುದಿಲ್ಲ.

ಮಧುಗಿರಿಯಲ್ಲಿ ಗೊಬ್ಬರದಂಗಡಿಯೊಂದರ ಮಹಡಿಯ ಮೇಲೆ ಕೂತು ನಾವಿಬ್ಬರು ಮದುವೆ ಆಲ್ಬಂ ಜೋಡಿಸುವ ಸಾಫ್ಟ್‌ವೇರ್ ಮಾಡುತ್ತೇವೆ. ಸ್ಟುಡಿಯೋದವರ ದುಬಾರಿ ಕಂಪ್ಯೂಟರಿಗೆ ಲೋಕದ ಮೇಲೆಲ್ಲ ಅನುಮಾನ. ನಮ್ಮ ಸರಕಿಗೆ ನಾವು ಡಿಜಿಟಲ್ ಸಹಿ ಹಾಕಿ ಸಾಗರದಾಚೆ ಆ ಕಂಪ್ಯೂಟರಿನ ಕಂಪನಿಗೆ ಕಳಿಸಬೇಕು. ಅಲ್ಲಿನ ಯಂತ್ರ ಮೂಸಿ ನೋಡಿ, ಕೇಡಿಲ್ಲವೆಂದು ಒಪ್ಪಿಗೆ ಕೊಟ್ಟು ನೋಟರೈಸ್ ಮಾಡಬೇಕು. ಇಲ್ಲದಿದ್ದರೆ ಗಿರಾಕಿಯ ಪರದೆಯ ಮೇಲೆ ‘ಇದನ್ನು ಕಸದ ಬುಟ್ಟಿಗೆ ಹಾಕಿ’ ಎಂಬ ಹಿತವಚನ. ನಮ್ಮ ಕೋರ್ಟ್ ಮುಂದಿನ ನೋಟರಿ ವಕೀಲರಾದರೂ ‘ಕೂತ್ಕಳಪ್ಪ’ ಅನ್ನುತ್ತಾರೆ. ಈ ಯಂತ್ರಕ್ಕೆ ಅಷ್ಟೂ ಮರ್ಯಾದೆಯಿಲ್ಲ.

ಕೈಯಾರೆ ಮಾಡುತ್ತಿದ್ದಾಗ ಎಲ್ಲ ಸರಿಯಿತ್ತು. ಆದರೆ ಈ ಕಾಲದಲ್ಲಿ ಕೈಯಾರೆ ಮಾಡುವುದು ಅವಮಾನವಂತೆ. ಕೋಡ್ ಬದಲಾದೊಡನೆ ಬಾಡಿಗೆಯ ಯಂತ್ರವೊಂದು ತಾನೇ ಕಟ್ಟಿ, ಸಹಿ ಹಾಕಿ, ಕಳಿಸಿ, ಒಪ್ಪಿಗೆ ಅಂಟಿಸುವಂತೆ ವಾರಗಟ್ಟಲೆ ಒದ್ದಾಡಿ ಮಾಡಿದೆ. ಆ ವೈಭವಕ್ಕೆ ಮೊದಲ ದಿನವೇ ಸಾಗರದಾಚೆಯಿಂದ ‘ಸಹಿ ಅಮಾನ್ಯ’ ಎಂಬ ಉತ್ತರ ಬಂತು. ಮತ್ತೆ ಕಳಿಸಿದೆ, ಮತ್ತೆ ಅದೇ ಉತ್ತರ.

ಅಷ್ಟರಲ್ಲಿ ಶಿರಾದ ಸ್ಟುಡಿಯೋ ಅನ್ವರ್ ಸಾಬರ ಫೋನು. ಅವರ ಕಂಪ್ಯೂಟರ್ ಅಪ್‌ಡೇಟ್ ಆಗಿ ನಮ್ಮ ಹಳೆಯದು ನಿಂತುಹೋಗಿತ್ತು.

“ಭಾಯ್, ಹುಡ್ಗಿ ಕಡೆಯೋರು ಬಂದು ಕೂತವ್ರೆ. ಸಂಜೆಗೆ ಹೊಸದು ತೆರೀಲಿಲ್ಲ ಅಂದ್ರೆ ಖತಂ. ಬೇರೆಯೋರ್ದು ಹಾಕಿಸ್ಕೊಂತೀನಿ.”

ಅನ್ವರ್ ಸಾಬರು ಬಿಟ್ಟರೆ ಶಿರಾದ ಉಳಿದ ಸ್ಟುಡಿಯೋಗಳೂ ಬಿಡುತ್ತವೆ. ಆಮೇಲೆ ನಾವೂ ಕೆಳಗಿಳಿದು ಗೊಬ್ಬರ ಮಾರುವುದೇ.

ಬಾಡಿಗೆಯ ಯಂತ್ರಕ್ಕೆ ಬರೆದುಕೊಟ್ಟಿದ್ದ ಹೆಜ್ಜೆಗಳನ್ನು ಸಾಲುಸಾಲಾಗಿ ಓದಿದೆ. ಸಹಿಗೂ ರವಾನೆಗೂ ನಡುವೆ ನಾನು ಬರೆಯದ ಒಂದು ಸಾಲು! ಅದು ಆ್ಯಪಿನೊಳಕ್ಕೆ ವಿಭೂತಿಯ ಪುಟ್ಟ ಚಿತ್ರವೊಂದನ್ನು ತುರುಕುತ್ತಿತ್ತು. ಸಹಿಯಾದ ಮೇಲೆ ಒಳಗೆ ಧೂಳು ಬಿದ್ದರೂ ಸಹಿ ಕೆಟ್ಟಂತೆ.

“ಇದೇನ್ಲಾ ಇದು?” ಎಂದೆ. ನಕ್ಕೆನೋ ಕೂಗಾಡಿದೆನೋ ಎಂಬ ತಕರಾರು ಈ ಗಳಿಗೆಯದೇ.

“ಪೂಜೆ ಕಣ್ಲಾ,” ಎಂದ ರುದ್ರಮುನಿ, ಮಂಡಕ್ಕಿ ಮೆಲ್ಲುತ್ತ. “ಹೊಸ ಗಾಡಿಗೆ ವಿಭೂತಿ ಇಕ್ದೆ ರೋಡಿಗೆ ಬುಡ್ತಾರಾ?”

“ಸಹಿ ಆದ್ಮೇಲೆ ಇಕ್ಕಿದ್ದೀಯಲ್ಲೋ!”

“ಮತ್ತಿನ್ಯಾವಾಗ? ಗಾಡಿ ಪೂರ್ತಿ ಆಗೋಕ್ ಮುಂಚೆ ಬರೀ ಎಂಜಿನ್ನಿಗೆ ಪೂಜೆ ಮಾಡ್ತಾರೇನ್ಲಾ?”

“ಇಷ್ಟ್ ದಿನ ಇಲ್ದಿದ್ದು ಈಗ್ಯಾಕೆ?”

“ಇಷ್ಟ್ ದಿನ ನೀನು ಮಾಡ್ತಿದ್ದೆ. ಈಗ ಮಿಷನ್ನು. ಅದನ್ನ ಹೆಂಗ್ಲಾ ನಂಬೋದು?”

ಮೂಢನಂಬಿಕೆಯ ಮೇಲೆ ಅವನಿಗೊಂದು ಭಾಷಣ ಬಿಗಿದೆ. ಕಾಣದ ಊರಿನ ಕಾಣದ ಯಂತ್ರಕ್ಕೆ ಹೊತ್ತುಹೊತ್ತಿಗೂ ಅಡ್ಡಬೀಳುವ ನನಗೆ ಅಂಥ ಭಾಷಣದ ಅರ್ಹತೆ ಬೇಕಾದಷ್ಟಿತ್ತು. ಆಮೇಲೆ ಆ ಸಾಲನ್ನು ಅಳಿಸಲು ಕೂತೆ. ಕತ್ತರಿಸಿದೆ. ಆದರೆ ಎಸೆಯಲಿಲ್ಲ, ಮೇಲಕ್ಕೊಯ್ದು ಸಹಿಗಿಂತ ಮುಂಚಿನ ಹೆಜ್ಜೆಗೆ ಅಂಟಿಸಿದೆ. ಒಪ್ಪಿಗೆ ಬಂತು. ಹೊತ್ತು ಮುಳುಗುವ ಮುಂಚೆ ಶಿರಾದಲ್ಲಿ ಆಲ್ಬಂ ತೆರೆಯಿತು.

ಆ ಸಾಲು ಇಲ್ಲದಿದ್ದರೂ ಒಪ್ಪಿಗೆ ಬರುತ್ತಿತ್ತು, ಅದು ಗೊತ್ತು. ಯಾಕೆ ಅಳಿಸಲಿಲ್ಲ ಎಂಬುದು ಮಾತ್ರ ನನಗೆ ಗೊತ್ತಿಲ್ಲ.