ಪಾರಾದವರ ಬೀದಿಗೆ ಒಂದು ಬಸ್ಸು

ವಿಪತ್ತು ಪೂರ್ವಸಿದ್ಧತೆ ಮತ್ತು ಪರಿಹಾರ ಇಲಾಖೆಯ ಮುಖ್ಯಾಧಿಕಾರಿಗಳಿಗೆ, ಹೊಳೆಯ ಪಕ್ಕದ ತಗ್ಗಿನ ಬೀದಿಯ ಏಳನೇ ಮನೆಯ ಸೊಸೆ ಎರಡೂ ಕೈ ಖಾಲಿಯಿಲ್ಲದ ಕಾರಣ ಮನಸ್ಸಿನಲ್ಲೇ ಕೈಮುಗಿದು ಬರೆದುಕೊಳ್ಳುವುದು.

ಮಾನ್ಯರೇ,

ರಾತ್ರಿ ಎರಡು ಗಂಟೆ ಹನ್ನೆರಡು ನಿಮಿಷಕ್ಕೆ, ನಮ್ಮ ಬೀದಿಯ ಮೂಲೆಯ ಕಂಬದ ಮೇಲಿರುವ ತಮ್ಮ ಇಲಾಖೆಯ ಸೈರನ್ ಒಂದೂವರೆ ಸಲ ಕೂಗಿ ನನ್ನನ್ನು ಎಬ್ಬಿಸಿತು. ಒಂದೂವರೆ ಎಂದು ನಿದ್ದೆಗಣ್ಣಿನಲ್ಲಿ ಎಣಿಕೆ ತಪ್ಪಿ ಹೇಳುತ್ತಿಲ್ಲ; ಒಂಬತ್ತು ತಿಂಗಳ ಮಗುವಿನ ತಾಯಿ ನಿದ್ದೆ ಮಾಡುತ್ತಿದ್ದಳು ಎನ್ನುವುದೇ ಒಂದು ಔಪಚಾರಿಕ ಮಾತು. ಮೊದಲ ಕೂಗು ಪೂರ್ತಿಯಾಗಿ ಬಂತು. ಎರಡನೆಯದು ಅರ್ಧದವರೆಗೆ ಬಂದು, ಯಾರದೋ ಮನೆಯ ಬಾಗಿಲನ್ನು ತಪ್ಪಿ ತಟ್ಟಿದವರು ನಾಚಿ ಕೈ ಹಿಂದಕ್ಕೆಳೆದುಕೊಳ್ಳುವ ಹಾಗೆ ನಿಂತುಹೋಯಿತು. ತಾವು ಮನೆಮನೆಗೆ ಹಂಚಿಸಿದ ಕರಪತ್ರವನ್ನು ನಾನು ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಿಟ್ಟಿದ್ದೇನೆ. ಒಂದು ಕೂಗಿಗೆ ಬೇಕಾದ್ದನ್ನು ಗಂಟು ಕಟ್ಟಿಕೊಳ್ಳಬೇಕು, ಎರಡು ಕೂಗಿಗೆ ಮೂಲೆಗೆ ಬಂದು ಬಸ್ಸು ಹತ್ತಬೇಕು ಎಂದು ಅದರಲ್ಲಿ ಚೆಂದದ ದಪ್ಪ ಅಕ್ಷರದಲ್ಲಿದೆ. ಒಂದೂವರೆಗೆ ಏನು ಮಾಡಬೇಕೆಂದು ಇಲ್ಲ. ಆದ್ದರಿಂದ ನಾನು ಗಂಟು ಕಟ್ಟಿ, ಮಗುವನ್ನು ಎತ್ತಿಕೊಂಡು, ಒಂದು ಕಾಲು ಹೊಸ್ತಿಲ ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತು ತಮ್ಮ ಅಪ್ಪಣೆಯನ್ನು ಅಕ್ಷರಶಃ ಪಾಲಿಸಿದೆ.

ಅರ್ಧ ಗಂಟೆ ಹಾಗೆ ನಿಂತರೂ ಬಸ್ಸಿನ ಸದ್ದಿಲ್ಲದಿದ್ದಾಗ ತಮ್ಮ ಇಲಾಖೆಯ ಇಪ್ಪತ್ತನಾಲ್ಕು ಗಂಟೆಯ ಸಹಾಯವಾಣಿಗೆ ಫೋನ್ ಮಾಡಿದೆ. ಏಳನೇ ಸಲಕ್ಕೇ ಎತ್ತಿಕೊಂಡರು, ಇದಕ್ಕಾಗಿ ತಮ್ಮನ್ನು ಎಷ್ಟು ಅಭಿನಂದಿಸಿದರೂ ಸಾಲದು. ರಾತ್ರಿ ಪಾಳಿಯ ಗುಮಾಸ್ತರು ನಿವೃತ್ತಿಗೆ ಇನ್ನೆರಡೇ ವರ್ಷ ಇರುವ ಸಂಭಾವಿತರು, ಆ ವಿಷಯವನ್ನು ಅವರೇ ಎರಡು ಸಲ ಹೇಳಿದರು. ಬೀದಿಯ ಹೆಸರು ಕೇಳಿ, ಪುಟ ಮಗುಚಿ, "ಅಲ್ಲಿ ಯಾರೂ ಇಲ್ವಲ್ಲಮ್ಮ" ಎಂದರು. ನಾನಿದ್ದೇನೆ, ಅಲ್ಲಿಂದಲೇ ಮಾತಾಡುತ್ತಿದ್ದೇನೆ ಎಂದೆ. "ನೀವು ಇರಬಹುದಮ್ಮ, ಇಲ್ಲ ಅನ್ನಲ್ಲ. ಆದ್ರೆ ಪುಸ್ತಕದಲ್ಲಿ ಇಡೀ ಬೀದಿ ಸ್ಥಳಾಂತರ ಆಗಿದೆ ಅಂತಿದೆ, ಕೆಳಗೆ ಸಾಹೇಬರ ಸಹಿ ಇದೆ. ನನ್ನ ಕಣ್ಣಿಗೆ ಅದು ಬಿದ್ದಿದ್ದೇ ಸೈರನ್ ಒತ್ತಿದ ಮೇಲೆ. ಜನ ಇಲ್ಲದ ಕಡೆ ಯಾಕೆ ಕೂಗಿಸಿದೆ ಅಂತ ನಾಳೆ ನನ್ನನ್ನೇ ಕೇಳ್ತಾರಲ್ಲ, ಅದಕ್ಕೇ ಅರ್ಧಕ್ಕೆ ನಿಲ್ಲಿಸಿಬಿಟ್ಟೆ" ಎಂದು ತಮ್ಮ ತಪ್ಪನ್ನು ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡರು. ಕೂಗಿಸಿದ್ದೇ ತಪ್ಪು ಎಂಬುದು ಅವರ ಅಭಿಪ್ರಾಯ.

ನಮ್ಮ ಬೀದಿ ಯಾವಾಗ ಖಾಲಿಯಾಯಿತೆಂಬುದು ತಮಗೆ ನೆನಪಿರಲೇಬೇಕು, ಅಂದು ಹಾರ ಬಿದ್ದದ್ದು ತಮ್ಮ ಕೊರಳಿಗೇ. ಕಳೆದ ಬೇಸಿಗೆಯಲ್ಲಿ, ಹೊಳೆಯಲ್ಲಿ ಕಾಲು ತೊಳೆಯಲೂ ನೀರಿಲ್ಲದ ಒಂದು ಬೆಳಿಗ್ಗೆ, ತಾವು ನಮ್ಮ ಬೀದಿಯಲ್ಲಿ ಪ್ರವಾಹದ ಅಣಕು ಕಾರ್ಯಾಚರಣೆ ನಡೆಸಿದಿರಿ. ಮಂತ್ರಿಗಳು ಬಾವುಟ ತೋರಿಸಿದರು. ನೀರಿಲ್ಲದ ಕಾರಣ ದೋಣಿಯನ್ನು ತಳ್ಳುಗಾಡಿಯ ಮೇಲೆ ಕೂರಿಸಿ ಎಳೆದರು. ಅದರಲ್ಲಿ ಕೂತು ಎರಡೂ ಕೈ ಬೀಸುತ್ತ ಪಾರಾದವರು ನಮ್ಮ ಅತ್ತೆ. "ನನ್ನ ಮದುವೇಲೂ ಇಷ್ಟು ಮರ್ಯಾದೆ ಆಗಿರ್ಲಿಲ್ಲ ಕಣೇ" ಎಂದು ವಾರಗಟ್ಟಲೆ ಹೇಳಿಕೊಂಡು ತಿರುಗಿದರು. ನನ್ನ ಮಗಳು ಆಗ ಮೂರು ತಿಂಗಳ ಕೂಸು. ಬಸ್ಸಿನ ಟಿಕೇಟಿನ ನಿಯಮದಂತೆ ಅವಳನ್ನು ಅರ್ಧವೆಂದು ಹಿಡಿದು, ನಮ್ಮ ಬೀದಿಯಿಂದ ನಲವತ್ತೊಂದೂವರೆ ಜನ ಪಾರಾದರೆಂದು ಬರೆಯಲಾಯಿತು. ಇವತ್ತಿನ ಆ ಅರ್ಧ ಕೂಗು ಅವಳ ಪಾಲಿನದೇ ಇರಬಹುದೆಂದು ಒಂದು ಗಳಿಗೆ ನನಗೂ ಅನ್ನಿಸಿತ್ತು. ಪಕ್ಕದ ಮನೆಯ ಟೈಲರ್ ಮಾವನಿಗೆ ಮುಳುಗಿ ಸತ್ತವರ ಪಾತ್ರ ಸಿಕ್ಕಿತು. ಬಿಳಿ ಬಟ್ಟೆಯ ಕೆಳಗೆ ಮುಕ್ಕಾಲು ಗಂಟೆ ಅಲುಗಾಡದೆ ಮಲಗಿ ಮಂತ್ರಿಗಳಿಂದ ಮೆಚ್ಚುಗೆ ಪಡೆದರು. ಮುಂದಿನ ವಾರ ಅವರ ಮನೆಗೆ ತಮ್ಮ ಇಲಾಖೆಯ ಸಂತಾಪ ಪತ್ರ ರಿಜಿಸ್ಟರ್ಡ್ ಅಂಚೆಯಲ್ಲಿ ಬಂತು, ಸ್ವತಃ ಅವರೇ ಸಹಿ ಮಾಡಿ ಪಡೆದುಕೊಂಡರು.

ಅಣಕಿಗೆಂದು ಬೇರೆ ಪುಸ್ತಕ ಮಂಜೂರಾಗಿರಲಿಲ್ಲ, ಆದ್ದರಿಂದ ಇದನ್ನೆಲ್ಲ ನಿಜವಾದ ಪುಸ್ತಕದಲ್ಲೇ ಬರೆದರು ಎಂಬುದು ನಮಗೆ ಗೊತ್ತಾದದ್ದು ಹೋದ ತಿಂಗಳು, ನಿಜವಾದ ನೀರು ಬಂದಾಗ. ಅಂದು ಬಸ್ಸು ಮೇಲಿನ ರಸ್ತೆಯವರೆಗೆ ಬಂದಿತ್ತು. ನಾನು ಸೆರಗು ಬೀಸುತ್ತ ಅಡ್ಡ ಓಡಿದಾಗ ಚಾಲಕರು ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಹಾಕಿ, "ನಿಮ್ ಬೀದಿ ಪಟ್ಟೀಲಿಲ್ಲ ತಂಗಿ, ಇಲ್ಲಿ ಹತ್ತಿಸಿಕೊಂಡ್ರೆ ಅಲ್ಲಿ ಇಳಿಸೋವಾಗ ತಲೆ ಲೆಕ್ಕ ತಾಳೆ ಆಗಲ್ಲ" ಎಂದು ವಿವರಿಸಿ ಹೋದರು. ನನ್ನ ಗಂಡ ತಾಯಿಯನ್ನು ಬೆನ್ನ ಮೇಲೆ ಹೊತ್ತುಕೊಂಡು ಗುಡ್ಡದ ಮೇಲಿನ ಶಾಲೆಯ ಮೆಟ್ಟಿಲು ಹತ್ತಿದರು. ಎಂಬತ್ತನೆಯದೋ ತೊಂಬತ್ತನೆಯದೋ ಮೆಟ್ಟಿಲಲ್ಲಿ ಕಾಲು ಜಾರಿತು. ಅತ್ತೆಯ ತೊಡೆಯ ಮೂಳೆ ಮುರಿದದ್ದು ಹೀಗೆ, ಪ್ರವಾಹದಿಂದ ಅಲ್ಲ. ಇದನ್ನು ತಮ್ಮ ಅಂಕಿ ಅಂಶಗಳಲ್ಲಿ ಪ್ರವಾಹಕ್ಕೆ ಸೇರಿಸಿ ಅದಕ್ಕೆ ಅನ್ಯಾಯ ಮಾಡಬಾರದಾಗಿ ವಿನಂತಿ. ನೀರು ಇಳಿದ ಮೇಲೆ ಕಿಟಕಿಯೆತ್ತರ ಕೆಸರು ಮೆತ್ತಿದ್ದ ಗೋಡೆಯನ್ನು ನೋಡಲು ಬಂದ ಪರಿಹಾರದವರು, ಮೊದಲೇ ಪಾರಾದವರಿಗೆ ನಷ್ಟ ಹೇಗಾಗುತ್ತದೆ ಎಂಬ ತಾತ್ವಿಕ ಪ್ರಶ್ನೆಯೊಂದನ್ನು ಕೇಳಿ, ಉತ್ತರಕ್ಕೆ ಕಾಯದೆ ಮುಂದಿನ ಬೀದಿಗೆ ಹೋದರು.

ಪದವಿಯಲ್ಲಿ ಸಾರ್ವಜನಿಕ ಆಡಳಿತ ಓದಿದವಳಾದ ನಾನು ಇದನ್ನು ಸರಿಪಡಿಸಿಯೇ ಬಿಡುತ್ತೇನೆಂದು ಹೊರಟೆ. ವಿಪತ್ತು ನಿರ್ವಹಣೆಯಲ್ಲಿ ಸರ್ಕಾರದ ಹೊಣೆ ಎಂಬ ಪ್ರಶ್ನೆಗೆ ನನಗೆ ಹತ್ತಕ್ಕೆ ಎಂಟು ಅಂಕ ಬಂದಿತ್ತು, ಉಳಿದ ಎರಡು ಅಂಕದಲ್ಲಿ ಏನಿತ್ತೆಂದು ಈಗ ತಿಳಿಯುತ್ತಿದೆ. ತಮ್ಮ ಕಚೇರಿಯ ಮೂರನೇ ಮೇಜಿನವರು, ಸ್ಥಳಾಂತರ ರದ್ದಾಗಬೇಕಾದರೆ ನಾವು ಆಶ್ರಯ ಕೇಂದ್ರದಿಂದ ಹೊರಬಂದಿದ್ದೇವೆಂಬ ಪತ್ರ ಬೇಕು ಎಂದರು. ಆಶ್ರಯ ಕೇಂದ್ರವೆಂದರೆ ಅದೇ ಗುಡ್ಡದ ಮೇಲಿನ ಶಾಲೆ. ಅಲ್ಲಿನ ಮುಖ್ಯೋಪಾಧ್ಯಾಯರು ಹಾಜರಿ ಪುಸ್ತಕ ತೆಗೆದು ತೋರಿಸಿ, "ಒಳಗೆ ಬಂದಿದ್ದೇ ಬರೆದಿಲ್ಲ, ಹೊರಗೆ ಹೋದ್ರಿ ಅಂತ ಹೇಗಮ್ಮ ಬರೆದುಕೊಡ್ಲಿ?" ಎಂದರು. ಅವರು ಹೇಳಿದ್ದೂ ನ್ಯಾಯವೇ. ಮಗುವನ್ನು ಸೊಂಟದಲ್ಲಿಟ್ಟುಕೊಂಡು ಮೇಜಿಗೂ ಶಾಲೆಗೂ ನಾಲ್ಕು ಸಲ ತಿರುಗಿದೆ. ಐದನೇ ಸಲ ಮಗಳಿಗೆ ಜ್ವರ ಬಂತು, ಅಲ್ಲಿಗೆ ಬಿಟ್ಟೆ. ಬಿಡಬಾರದಿತ್ತು.

ಇದನ್ನೆಲ್ಲ ಈ ರಾತ್ರಿ ಗುಮಾಸ್ತರಿಗೆ ಹೇಳಿದಾಗ ಅವರು ದನಿ ತಗ್ಗಿಸಿ, ನಾನು ತಮ್ಮ ಮೇಲಿಟ್ಟಿದ್ದ ಗೌರವವನ್ನು ಹಲವು ಪಟ್ಟು ಹೆಚ್ಚಿಸುವ ಸಂಗತಿಯೊಂದನ್ನು ತಿಳಿಸಿದರು. ಅಣಕು ಪ್ರವಾಹದಲ್ಲಿ, ಸತ್ತವರನ್ನು ಲೆಕ್ಕದಿಂದ ಬಿಟ್ಟು, ಶೇಕಡಾ ನೂರರಷ್ಟು ಜನರನ್ನು ಪಾರುಮಾಡಿದ್ದಕ್ಕಾಗಿ ತಮ್ಮ ಇಲಾಖೆಗೆ ಪ್ರಶಸ್ತಿ ಘೋಷಣೆಯಾಗಿದೆಯಂತೆ, ಬರುವ ತಿಂಗಳು ಪ್ರದಾನವಂತೆ. "ನಿಮ್ ಬೀದಿ ಸಾಲು ಹೊಡೆದು ಹಾಕಿದ್ರೆ ನೂರು ಅನ್ನೋದು ಸೊನ್ನೆ ಆಗತ್ತಮ್ಮ. ಯಾರು ಹೊಡೀತಾರೆ ಹೇಳಿ?" ನಮ್ಮಂಥ ಸಾಮಾನ್ಯರ ನಲವತ್ತೊಂದೂವರೆ ಜೀವ ಮಂತ್ರಿಗಳ ಕೈಯ ಫಲಕವೊಂದಕ್ಕೆ ಆಧಾರವಾಗಿದೆ ಎಂಬುದು ಎಂಥ ಭಾಗ್ಯ! ಈ ಭಾಗ್ಯವನ್ನು ಹೊಳೆಗೆ ತಿಳಿಸುವವರು ಯಾರೂ ಇಲ್ಲವೆಂಬುದೊಂದೇ ಕೊರತೆ. ಅದು ಅನಕ್ಷರಸ್ಥ ಹೊಳೆ. ಇನ್ನೊಂದು ಅಣಕು ಕಾರ್ಯಾಚರಣೆ ಇಟ್ಟುಕೊಳ್ಳುವಾಗ ಅದಕ್ಕೂ ಅಕ್ಷರಾಭ್ಯಾಸ ಮಾಡಿಸಿ, ಸ್ಥಳಾಂತರದ ಪುಸ್ತಕ ಓದಿ, ಸಹಿ ನೋಡಿ, ತೇವವನ್ನು ಹೊಸ್ತಿಲಿನಾಚೆಗೇ ನಿಲ್ಲಿಸುವಂತೆ ತರಬೇತಿ ಕೊಡಿಸಬೇಕೆಂದು ಕೋರುತ್ತೇನೆ.

ಅಲ್ಲಿಯವರೆಗೆ ನಡೆಯುತ್ತಿರುವುದು ಇಷ್ಟು. ಬೆಳಿಗ್ಗೆ ಆರಕ್ಕೆ ಅಣೆಕಟ್ಟೆಯ ಬಾಗಿಲು ತೆರೆಯುತ್ತಾರಂತೆ. ಬಸ್ಸುಗಳು ಐದಕ್ಕೆ ಹೊರಡುತ್ತವಂತೆ, ಅದೇ ಪುಸ್ತಕ ನೋಡಿಕೊಂಡು. ಆಂಬುಲೆನ್ಸಿನವರಿಗೂ ಅದೇ ಪುಸ್ತಕವಂತೆ. ಬೀದಿಯಲ್ಲಿ ಗಾಡಿ ಇದ್ದವರು, ತೋಳಲ್ಲಿ ಬಲ ಇದ್ದವರು ಸಂಜೆಯೇ ಜಾಗ ಖಾಲಿ ಮಾಡಿದ್ದಾರೆ. ನನ್ನ ಗಂಡ ಹೊಳೆಯ ಆಚೆ ದಡದ ಪಂಪುಮನೆಯಲ್ಲಿದ್ದಾರೆ. ಎರಡು ದಿನದಿಂದ ತಮ್ಮದೇ ತುರ್ತು ಆದೇಶದ ಮೇರೆಗೆ ಬೇರೆ ಬೀದಿಗಳ ನೀರನ್ನು ಎತ್ತಿ ಹೊರಹಾಕುತ್ತಿದ್ದಾರೆ, ಸೇತುವೆ ಮುಚ್ಚಿದ್ದರಿಂದ ಬರಲಾರರು. ಉಳಿದವರು ಸೊಂಟದಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿಸಿಕೊಂಡ ಅತ್ತೆ, ಮಗು, ನಾನು, ಮತ್ತು ಎಪ್ಪತ್ತು ದಾಟಿದ, ಹೊಲಿಗೆ ಯಂತ್ರದ ಮುಂದೆ ಕೂತು ಕೂತು ಬೆನ್ನು ಬಾಗಿದ ಟೈಲರ್ ಮಾವ. ಬಸ್ಸಿನ ವಿಷಯ ಹೇಳಿದರೆ ಅವರು, "ಸತ್ತವನಿಗೆ ಬಸ್ಸು ಯಾಕಮ್ಮ, ನೀನು ನಿಮ್ಮತ್ತೆ ಕಡೆ ನೋಡು" ಎಂದು ನಗುತ್ತಾರೆ. ನಕ್ಕವರು ಹೋಗಿ ತಮ್ಮ ಯಂತ್ರವನ್ನು ಮೇಜಿನ ಮೇಲೆ ಎತ್ತಿಡಲು ನೋಡಿದರು, ಆಗಲಿಲ್ಲ.

ನಾನು ಯಾರನ್ನೂ ದೂರುತ್ತಿಲ್ಲ, ಮಾನ್ಯರೇ. ಗುಮಾಸ್ತರು ಒಳ್ಳೆಯವರು. "ಸಾಹೇಬರು ಫೋನಲ್ಲಿ ಒಂದು ಮಾತು ಅಂದ್ರೆ ಸಾಕು, ಆ ಗಳಿಗೇಲೇ ಬಸ್ಸು ಕಳಿಸ್ತೀನಿ. ನಾನಾಗಿ ಕಳಿಸಿದ್ರೆ ನನ್ನ ಪಿಂಚಣಿ ಹೋಗತ್ತೆ, ತಾಯಿ" ಎಂದರು. ತಮ್ಮ ಮನೆಯ ನಂಬರು ಕೇಳಿದೆ, ಕೊಡುವಂತಿಲ್ಲ ಎಂದರು. ಹಾಗಾಗಿ ತಮ್ಮ ನೂರಕ್ಕೆ ನೂರರ ಅಂಕಿಗೆ ಯಾವ ಕುಂದೂ ಬಾರದಂಥ ಒಂದು ದಾರಿ ಹುಡುಕಿದ್ದೇನೆ. ಪುಸ್ತಕದ ಸಾಲನ್ನು ಹೊಡೆದು ಹಾಕುವುದೇ ಬೇಡ. ನಾವು ಪಾರಾಗಿ ಗುಡ್ಡದ ಮೇಲಿನ ಶಾಲೆಯಲ್ಲಿ ಸುಖವಾಗಿದ್ದೇವೆಂದೇ ಇರಲಿ. ಈಗಾಗಲೇ ಅಲ್ಲಿರುವ ನಮ್ಮನ್ನು ಅಲ್ಲಿಗೆ ಕರೆದೊಯ್ಯಲು ಒಂದು ಬಸ್ಸು ಕಳಿಸಿ. ಬೇಕಾದರೆ ಅದನ್ನು ಅಣಕು ಬಸ್ಸೆಂದೇ ಬರೆಸಿ. ಅತ್ತೆ ಮತ್ತೆ ಕೈ ಬೀಸುತ್ತಾರೆ. ಟೈಲರ್ ಮಾವ ಬಸ್ಸಿನಲ್ಲಿ ಉಸಿರು ಬಿಗಿಹಿಡಿದು ಕೂರುತ್ತಾರೆ. ನನ್ನನ್ನೂ ಬೇಕಾದರೆ ಅರ್ಧವೆಂದು ಹಿಡಿಯಿರಿ, ಈ ಹೊತ್ತಿಗೆ ನಾನು ಅದಕ್ಕಿಂತ ಹೆಚ್ಚೇನೂ ಉಳಿದಿಲ್ಲ.

ಇಷ್ಟು ಬರೆಯುವಾಗ ಎರಡು ಸಲ ಎದ್ದು ಹೋಗಿ ನೋಡಿ ಬಂದೆ. ಬಚ್ಚಲಿನ ತೂಬಿನಿಂದ ನೀರು ಒಳಕ್ಕೆ ಬರತೊಡಗಿದೆ, ಬಟ್ಟೆ ತುರುಕಿದ್ದೇನೆ.

ಇಂತಿ, ತಮ್ಮ ಪುಸ್ತಕದ ಪ್ರಕಾರ ಸುರಕ್ಷಿತಳಾಗಿದ್ದು, ಮನೆಯಲ್ಲಿ ಎದ್ದು ಕೂತಿರುವ
ತಮ್ಮ ವಿಶ್ವಾಸಿ,
ಏಳನೇ ಮನೆಯ ಸೊಸೆ

ಸಹಿಯ ಕೆಳಗೆ ಉಳಿದ ಮಾತು: ತಮ್ಮ ಇಲಾಖೆಯ ದೂರಿನ ಪುಟ ಕಚೇರಿಯ ವೇಳೆಯಲ್ಲಿ ಮಾತ್ರ ತೆರೆಯುತ್ತದೆಂದು ಗೊತ್ತಾದ್ದರಿಂದ ಇದನ್ನು ಊರವರೆಲ್ಲ ಇರುವ ಫೋನಿನ ಗುಂಪಿಗೆ ಹಾಕುತ್ತಿದ್ದೇನೆ. ತಾವೂ ಅದರಲ್ಲಿದ್ದೀರಿ, ದಿನಾ ನಸುಕಿನಲ್ಲಿ ವಾಕಿಂಗ್ ಹೊರಡುವ ಮುನ್ನ ಗುಲಾಬಿಯ ಚಿತ್ರದೊಂದಿಗೆ ಎಲ್ಲರಿಗೂ ಶುಭೋದಯ ಕೋರುತ್ತೀರಿ. ಇವತ್ತು ಗುಲಾಬಿ ಹುಡುಕುವ ಮೊದಲು ಇದನ್ನು ಓದಿ. ಗುಂಪಿನಲ್ಲಿ ಎಚ್ಚರವಿರುವ ಬೇರೆ ಯಾರಾದರೂ ಮೊದಲು ಓದಿದರೆ, ಸಾಹೇಬರ ಮನೆ ಗೊತ್ತಿದ್ದವರು ಹೋಗಿ ದಯವಿಟ್ಟು ಕರೆಗಂಟೆ ಒತ್ತಿ. ಈಗ ಮೂರು ಐವತ್ತು. ಸ್ವಲ್ಪ ಹೊತ್ತಿಗೆ ಮುಂಚೆ ಅತ್ತೆ, ಹಾಲು ಕಾಯಿಸಿಟ್ಟು ಹೋಗು ಎನ್ನುವಷ್ಟು ಸಲೀಸಾಗಿ, "ಮಗೂನ ಎತ್ಕೊಂಡು ನೀನು ನಡಿ, ನನ್ನನ್ನ ಮಂಚದ ಮೇಲೆ ಎತ್ತರಕ್ಕೆ ಕೂರಿಸಿ ಹೋಗು, ನೀರಿಳಿದ ಮೇಲೆ ಬಂದ್ರಾಯ್ತು" ಎಂದರು. ಈಗ ಗೋಡೆಯ ಕಡೆ ತಿರುಗಿ ಮಲಗಿದ್ದಾರೆ, ನಿದ್ದೆ ಬಂದಿಲ್ಲವೆಂದು ನನಗೆ ಗೊತ್ತು. ನಾನು ಹೂಂ ಎಂದಿಲ್ಲ, ಉಹೂಂ ಎಂದೂ ಇಲ್ಲ. ಬಸ್ಸು ಬರುವುದಾದರೆ ಬರುತ್ತದೆಂದು ಹೇಳಿ. ಬರುವುದಿಲ್ಲವಾದರೆ ಹೂಂ ಅನ್ನಬೇಕೋ ಉಹೂಂ ಅನ್ನಬೇಕೋ ಎಂಬುದನ್ನೂ ತಾವೇ ಹೇಳಿಬಿಡಿ, ಈ ಬೀದಿಯ ಜೀವಗಳಿಗೆ ಸಹಿ ಹಾಕಿದವರು ತಾವಲ್ಲವೇ. ಬೈದರೂ ಸರಿ, ಫೋನ್ ಮಾಡಿ. ನನ್ನ ನಂಬರು ಈ ಪತ್ರದ ತಲೆಯ ಮೇಲೇ ಕಾಣಿಸುತ್ತದೆ, ಫೋನು ಕೈಯಲ್ಲೇ ಇದೆ. ಬೆಳಗಾಗುವ ಮೊದಲು ಮಾಡಿ.