ನಾನು ಬೇರೆ, ನನ್ನ ಅಂಗಡಿ ಬೇರೆ

ಸ್ವಂತ ಕೈಯಿಂದ ನಾಲ್ಕು ಕಾಸು ದುಡಿಯುವ ಹೆಂಗಸಿನ ಬಾಗಿಲಿಗೆ ಯಾರಾದರೊಬ್ಬರು ಲೆಕ್ಕ ಕೇಳಲು ಬರುತ್ತಲೇ ಇರುತ್ತಾರೆ. ನನ್ನ ಬಾಗಿಲಿಗೆ ಮೊದಲು ನೆಂಟರು ಬಂದರು, ಆಮೇಲೆ ಸರ್ಕಾರ ಬಂತು. ನೆಂಟರನ್ನು ಒಂದೇ ಮಾತಿನಲ್ಲಿ ಸಾಗಹಾಕಿದೆ. ಸರ್ಕಾರ ಹಾಗೆ ಹೋಗುವ ಪೈಕಿ ಅಲ್ಲ.

ಕೆ.ಜಿ.ಎಫ್.ನ ಆಂಡರ್ಸನ್‌ಪೇಟೆಯಲ್ಲಿ, ಗಣಿಯವರು ಶಿಫ್ಟು ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ನನ್ನ ಇಡ್ಲಿ ಅಂಗಡಿ ಇತ್ತು. ಕಾಮಸಮುದ್ರದಿಂದ ಎತ್ತಿನ ಗಾಡಿಯಲ್ಲಿ ಒಂದು ರುಬ್ಬುವ ಕಲ್ಲು ತಂದು ಶುರು ಮಾಡಿದ್ದು. ಶಾಲೆಯ ಮುಖ ನೋಡಿದವಳಲ್ಲ. ಬೇಳೆ ಬೆಲ್ಲ ಕಟ್ಟಿ ಕೊಡುತ್ತಿದ್ದ ಹಳೇ ಪೇಪರಿನ ಚೂರು ಓದಿ ಅಕ್ಷರ ಕಲಿತೆ. ಹಾಗಾಗಿ ಲೋಕದ ಎಲ್ಲಾ ಸುದ್ದಿಯೂ ನನಗೆ ಅರ್ಧ ಗೊತ್ತಿರುತ್ತಿತ್ತು. ಉಳಿದರ್ಧದ ಮೇಲೆ ಅನುಮಾನ ಇರುತ್ತಿತ್ತು.

ಅಂಗಡಿಗೆ ಗರಿಯ ಚಾವಣಿ. ಅದನ್ನು ಕಿತ್ತು ತಗಡಿನ ಶೀಟು ಹಾಕಿಸಬೇಕೆಂದು ದುಡ್ಡು ಕೂಡಿಟ್ಟಿದ್ದೆ. ಆ ಶೀಟಿನ ದುಡ್ಡನ್ನು ಸರ್ಕಾರದ ಕೈಯಿಂದ ಉಳಿಸಿಕೊಂಡದ್ದು ಹೇಗೆ ಅನ್ನುವುದೇ ಈ ಪ್ರಸಂಗಗಳು.

ಬರ್ಕೊಳಿ ಅಂದದ್ದು

ಒಂದು ಬೆಳಿಗ್ಗೆ ಮಾರಾಟ ತೆರಿಗೆಯ ಗುಮಾಸ್ತರು ಅಂಗಡಿಗಳನ್ನು ಬರೆದುಕೊಳ್ಳುತ್ತಾ ಬಂದರು. ವರ್ಷದ ವ್ಯಾಪಾರ ಒಂದು ಮಿತಿ ದಾಟಿದರೆ ತೆರಿಗೆ, ದಾಟದಿದ್ದರೆ ಇಲ್ಲ. ಎದುರು ಹೋಟೆಲಿನವನು ಅವರನ್ನು ದೂರದಿಂದಲೇ ನೋಡಿ, ಕೈಯ ಉಂಗುರ ಕಳಚಿ, ಹರಿದ ಬನಿಯನ್ನು ತೊಟ್ಟು ಕೂತಿದ್ದ.

"ಏನ್ ಯಾಪಾರ ಸಾಮಿ, ನೊಣ ಓಡಿಸ್ತಾ ಕುಂತಿವ್ನಿ" ಎಂದ.

ಗುಮಾಸ್ತರು ನನ್ನ ಕಡೆ ತಿರುಗಿ, "ನಿಮ್ಮದು ಅವರಿಗಿಂತ ಕಡಿಮೆ ಇರಬೇಕಲ್ಲವೇನಮ್ಮ?" ಎಂದರು. ಎದುರಿನವನು ಹಲ್ಲು ಬಿಟ್ಟ.

"ಕಡಿಮೇನಾ? ಅಂತಾ ಮೂರು ಓಟ್ಲು ನನ್ನ ಒಂದು ಒಲೇಲಿ ಬೇಯ್ತವೆ. ಬರ್ಕೊಳಿ!"

ಬರೆದುಕೊಂಡರು. ಸ್ವಲ್ಪ ದಿನಕ್ಕೆ ನೋಟೀಸು ಬಂತು. ಇಷ್ಟು ತೆರಿಗೆ ಕಟ್ಟಿ, ಇಲ್ಲವಾದರೆ ನಿಮ್ಮ ವ್ಯಾಪಾರ ಅಷ್ಟಿಲ್ಲವೆಂದು ಲೆಕ್ಕ ತೋರಿಸಿ, ಇನ್‌ಸ್ಪೆಕ್ಟರು ಬಂದು ಪರೀಕ್ಷಿಸುತ್ತಾರೆ ಎಂದಿತ್ತು. ಕಟ್ಟಬೇಕಾದ ಮೊತ್ತವೂ ನನ್ನ ಶೀಟಿನ ದುಡ್ಡೂ ಹೆಚ್ಚುಕಡಿಮೆ ಒಂದೇ. ಪೋಸ್ಟಿನವರಿಂದ ಅದನ್ನು ಇಸಿದುಕೊಂಡು ತಂದು ಕೊಟ್ಟವನು ಎದುರು ಹೋಟೆಲಿನವನೇ.

"ತಗೋ ಅಕ್ಕಾ, ನಿನ್ನ ಮೂರು ಓಟ್ಲಿಗೂ ಸೇರ್ಸಿ ಒಂದೇ ಕಾಗ್ದ ಬಂದೈತೆ."

ಬಂಗಾರಪೇಟೆಯ ಲೆಕ್ಕಿಗರು

ರೈಲು ಹತ್ತಿ ಬಂಗಾರಪೇಟೆಗೆ ಹೋದೆ. ಅಲ್ಲಿ ಅಕ್ಕಿ ಮಂಡಿಗಳಿಗೆ ಲೆಕ್ಕ ಬರೆಯುವ ಒಬ್ಬ ಮುದುಕರಿದ್ದರು. ಅಕ್ಕಿ ತಂದ ಚೀಟಿಗಳನ್ನೆಲ್ಲ ಅವರ ಮುಂದೆ ಸುರಿದೆ.

"ಒಂದು ಸೇರು ಉದ್ದಿಗೆ ಅಕ್ಕಿ ಎಷ್ಟು ಹಾಕ್ತೀರಿ?" ಎಂದರು.

"ಯಾಕೆ? ನಿಮ್ಮನೆಯೋರು ಅಂಗಡಿ ಇಡ್ತಾರಾ?"

"ಖರ್ಚು ಬರೀಬೇಕಲ್ಲಮ್ಮ."

"ಖರ್ಚು ಬರ್ಕೊಳಿ. ಅದ ಕೇಳ್ಬೇಡಿ."

ಪಾಪ, ತಾಳ್ಮೆಯ ಮನುಷ್ಯ. ಲೆಕ್ಕದ ಮೊದಲನೆಯ ಪಾಠ ಹೇಳಿಕೊಟ್ಟರು. "ಲೆಕ್ಕದಲ್ಲಿ ನೀವು ಬೇರೆ, ನಿಮ್ಮ ಅಂಗಡಿ ಬೇರೆ. ನೀವು ಇಡ್ಲಿ ತಿಂದರೆ ಅಂಗಡಿಯಿಂದ ತೆಗೆದುಕೊಂಡ ಹಾಗೆ. ನೀವು ಹಾಕಿದ ಬಂಡವಾಳ, ಅಂಗಡಿ ನಿಮಗೆ ಕೊಡಬೇಕಾದ ಸಾಲ."

ನನಗೆ ಆಗಲೇ ಅನುಮಾನ ಬಂತು. ಇಷ್ಟು ವರ್ಷ ರುಬ್ಬಿದವಳು ನಾನು, ಒಲೆ ಊದಿದವಳು ನಾನು. ನಡುವೆ ಈ ಅಂಗಡಿ ಅನ್ನುವವರು ಯಾರು? "ಸರಿ. ಆ ಸಾಲ ಅದು ಯಾವಾಗ ತೀರಿಸ್ತದೆ, ಬರೆಸಿಕೊಡಿ" ಎಂದೆ. ಮುದುಕರು ಕನ್ನಡಕ ತೆಗೆದು ಒರೆಸಿಕೊಂಡರು.

ಕೊನೆಗೆ ಅವರು ಒಂದು ಮಾತು ಹೇಳಿದರು. "ನೀವು ಕೊಂಡ ಅಕ್ಕಿಯ ಪ್ರಕಾರ ಆಗಬೇಕಾದ ಇಡ್ಲಿ ಜಾಸ್ತಿ, ಡಬ್ಬದಲ್ಲಿ ಬಿದ್ದಿರೋ ದುಡ್ಡು ಕಡಿಮೆ. ಡಬ್ಬದ ಪ್ರಕಾರ ತೆರಿಗೆ ಇಲ್ಲ, ಅಕ್ಕಿಯ ಪ್ರಕಾರ ಇದೆ. ನಡುವಿನದು ಎಲ್ಲಿ ಹೋಗುತ್ತೆ ಅಂತ ಇನ್‌ಸ್ಪೆಕ್ಟರು ಕೇಳೇ ಕೇಳ್ತಾರೆ."

ಎಲ್ಲಿ ಹೋಗುತ್ತೆ? ಅಕ್ಕಿಯವನ ಸೇರಿನ ಮೇಲೆ ಅನುಮಾನಪಟ್ಟೆ. ಇಲಿಯ ಮೇಲೆ ಅನುಮಾನಪಟ್ಟೆ. ನಮ್ಮೂರಲ್ಲಿ ಚಿನ್ನದ ಚೂರು ಹೊರಗೆ ಹೋಗದಿರಲೆಂದು ಗಣಿಯವರನ್ನು ದಿನವೂ ಗೇಟಿನಲ್ಲಿ ನಿಲ್ಲಿಸಿ, ಕೈ ಎತ್ತಿಸಿ, ಬಾಯಿ ತೆರೆಸಿ, ತಲೆವಸ್ತ್ರ ಕೊಡವಿಸಿ ಬಿಡುವುದು ವಾಡಿಕೆ. ನಾನೂ ಪಾತ್ರೆ ತೊಳೆಯುವವಳನ್ನು ಹಾಗೇ ನಿಲ್ಲಿಸಿ ಸೆರಗು ಕೊಡವಿಸಿದೆ.

ಅವಳು ಕೊಡವಿ ಹೇಳಿದಳು: "ಅಕ್ಕಾ, ಗಣೀಲಾದ್ರೆ ಬೋನಸ್ಸಾದ್ರೂ ಕೊಡ್ತಾರೆ."

ಇಸ್ತ್ರಿ ಶರ್ಟಿನವರು

ಇನ್‌ಸ್ಪೆಕ್ಟರು ಹೇಳದೆ ಕೇಳದೆ ಬರುತ್ತಾರೆ ಎಂದು ಮುದುಕರು ಎಚ್ಚರಿಸಿದ್ದರು. ಅಂದಿನಿಂದ ಗುರುತಿಲ್ಲದವರು ಯಾರು ಬಂದರೂ ನನಗೆ ಇನ್‌ಸ್ಪೆಕ್ಟರೇ.

ಒಂದು ದಿನ ಇಸ್ತ್ರಿ ಮಾಡಿದ ಶರ್ಟು ತೊಟ್ಟ ಹಿರಿಯರೊಬ್ಬರು ಬಂದು ಮೂಲೆಯಲ್ಲಿ ಕೂತರು. ಇಡ್ಲಿ ತಿನ್ನುವುದು ಕಡಿಮೆ, ನೋಡುವುದು ಜಾಸ್ತಿ. ಒಲೆ ನೋಡಿದರು, ಪಾತ್ರೆ ನೋಡಿದರು, ಸೂರು ನೋಡಿದರು. ನಾನು ಹಿತ್ತಲ ಕಡೆಯಿಂದ ಹೋಗಿ, ಬರುತ್ತಿದ್ದ ಗಿರಾಕಿಗಳನ್ನು ಬೀದಿಯಲ್ಲೇ ತಡೆದು ವಾಪಸು ಕಳಿಸಿದೆ.

"ವ್ಯಾಪಾರ ಹೇಗಮ್ಮ?" ಎಂದರು.

"ಎಲ್ಲಿ ಯಾಪಾರ ಸಾಮಿ. ಇವತ್ತು ಉಂಟು, ನಾಳೆ ಇಲ್ಲ. ಆ ಪಾತ್ರೆನೂ ಬಾಡಿಗೇವು."

"ಕೂಡಿಟ್ಟಿದ್ದು ಏನಾದರೂ?"

"ನನ್ನತ್ರ ಇರೋದು ಮಂಡಿನೋವು ಒಂದೇ."

ಅವರು ನಿಟ್ಟುಸಿರುಬಿಟ್ಟು, ದುಡ್ಡಿಟ್ಟು ಎದ್ದುಹೋದರು. ಗೆದ್ದೆ ಅಂದುಕೊಂಡೆ. ಸಂಜೆಗೆ ತಿಳಿಯಿತು. ಅವರು ಕ್ಯಾಸಂಬಳ್ಳಿಯ ರೈತರು, ಮದುವೆ ವಯಸ್ಸಿಗೆ ಬಂದಿದ್ದ ನನ್ನ ಮಗಳನ್ನು ತಮ್ಮ ಮಗನಿಗೆ ಕೇಳಲು ಬಂದವರು. ನನ್ನ ಅಂಗಡಿಯಿಂದ ಎದ್ದು ಎದುರು ಹೋಟೆಲಿಗೆ ಹೋದರು. ಅಲ್ಲಿ ನೊಣ ಓಡಿಸುತ್ತಿದ್ದವನು ಉಂಗುರ ತೊಟ್ಟು ಕೂತಿದ್ದ. ಅವನ ಮಗಳನ್ನು ಒಪ್ಪಿಕೊಂಡು ಹೋದರು.

ಹುಡುಗ ಬಲು ಕುಳ್ಳನಂತೆ. ಹಾಗೆಂದು ಯಾರೂ ಹೇಳಲಿಲ್ಲ, ನಾನೇ ಹೇಳಿಕೊಂಡು ತಿರುಗಿದೆ.

ನಿಜವಾದ ಚೆಕಿಂಗು

ಆಮೇಲೆ ಇನ್‌ಸ್ಪೆಕ್ಟರು ಬಂದರು. ಮಾರಿಕುಪ್ಪಂ ರೈಲಿನ ಹೊಗೆಯೆಲ್ಲ ಮುಖದ ಮೇಲಿತ್ತು, ಶರ್ಟು ಮುದುರಿತ್ತು. ತಿಂದು ದುಡ್ಡು ಕೊಡದೆ ಓಡುವ ಗಿರಾಕಿ ಇರಬೇಕೆಂದು ಬಾಗಿಲಿಗೆ ಹತ್ತಿರ ಕೂರಲು ಬಿಡಲಿಲ್ಲ. ಒಳಗೆ ಗೋಡೆ ಪಕ್ಕಕ್ಕೆ ಕೂರಿಸಿದೆ. ಆಗಲೇ ಶಿಫ್ಟು ಬಿಟ್ಟು ಅಂಗಡಿ ತುಂಬಿಹೋಯಿತು.

ನಮ್ಮಲ್ಲಿ ತಿಂದಷ್ಟನ್ನು ಗಿರಾಕಿಯೇ ಹೇಳಿ ಕೊಡುವ ಪದ್ಧತಿ. ತಟ್ಟೆಯಲ್ಲಿಟ್ಟ ಇಡ್ಲಿ ವಡೆಯ ರಾಶಿಯಿಂದ ಅವರೇ ತೆಗೆದುಕೊಳ್ಳಬೇಕು. "ನಾಲು ಇಡ್ಲಿ, ಒರು ವಡೆ ಅಕ್ಕಾ" ಎಂದು ತಮಿಳಿನಲ್ಲೇ ಲೆಕ್ಕ ಹೇಳಿ ಚಿಲ್ಲರೆ ಡಬ್ಬಕ್ಕೆ ಹಾಕಿ ಹೋಗಬೇಕು. ಗಣಿಯವರು, ಜೀವ ಒತ್ತೆಯಿಟ್ಟು ದುಡಿಯುವ ಮಂದಿ. ನಾನು ಯಾರ ಮೇಲೆ ಅನುಮಾನಪಟ್ಟರೂ ಅವರ ಮೇಲೆ ಪಟ್ಟವಳಲ್ಲ.

ಮುದುರಿದ ಶರ್ಟಿನವರು ಎದ್ದು, ತಾವು ಯಾರೆಂದು ಹೇಳಿದರು. ಅಕ್ಕಿಯ ಚೀಟಿ ನೋಡಿದರು, ಡಬ್ಬ ನೋಡಿದರು. "ಇಷ್ಟು ಅಕ್ಕಿಗೆ ದುಡ್ಡು ಇಷ್ಟೇ ಅಂದರೆ ನಂಬೋಕಾಗಲ್ಲಮ್ಮ. ವ್ಯಾಪಾರ ಮುಚ್ಚಿಡ್ತಿದ್ದೀರಿ. ತೆರಿಗೆ ಕಟ್ಟಲೇಬೇಕು."

ನನ್ನ ಶೀಟು ಕಣ್ಣೆದುರೇ ಹಾರಿಹೋದ ಹಾಗಾಯಿತು. ಅಷ್ಟರಲ್ಲಿ ಎದುರು ಹೋಟೆಲಿನವನೂ ಬಂದು ಬಾಗಿಲಲ್ಲಿ ನಿಂತ.

ಯಾರು ಎಷ್ಟು ತಿನ್ನುತ್ತಾರೆ ಎಣಿಸೋಣವೆಂದು ಇನ್‌ಸ್ಪೆಕ್ಟರು ಗಿರಾಕಿಗಳ ಕಡೆ ತಿರುಗಿ ಗಟ್ಟಿಯಾಗಿ ಕೂಗಿದರು: "ಯಾರೂ ಹೊರಗೆ ಹೋಗಬೇಡಿ! ಚೆಕಿಂಗ್!"

ಅಂಗಡಿಯೆಲ್ಲ ಒಮ್ಮೆಗೇ ಎದ್ದು ನಿಂತಿತು. ಎಲ್ಲರೂ ಕೈ ಎತ್ತಿದರು. ಎಲ್ಲರೂ ಬಾಯಿ ತೆರೆದರು, ಕೆಲವರ ಬಾಯಲ್ಲಿ ಇಡ್ಲಿ ಇನ್ನೂ ಇತ್ತು. ಆಮೇಲೆ, ದಿನವೂ ಗೇಟಿನಲ್ಲಿ ಮಾಡುವ ಹಾಗೆ, ಯಾರೂ ಹೇಳದೆ ತಲೆವಸ್ತ್ರ ಬಿಚ್ಚಿ ಕೊಡವಿದರು.

ವಡೆ ಉದುರಿದವು. ಒಂದು ಇನ್‌ಸ್ಪೆಕ್ಟರ ಬೂಟಿನವರೆಗೂ ಉರುಳಿಕೊಂಡು ಹೋಗಿ ನಿಂತಿತು. ಸೊಂಟದ ಮಡಿಕೆ ಸಡಿಲಿಸಿದರೆ ಎಲೆಯಲ್ಲಿ ಸುತ್ತಿದ ಇಡ್ಲಿ. ಒಬ್ಬರಂತೂ ಊಟದ ಕ್ಯಾರಿಯರಿನ ಮುಚ್ಚಳ ತಾವೇ ತೆಗೆದು ತೋರಿಸಿದರು. ಅದರಲ್ಲಿ ಚಟ್ನಿ ಸಮೇತ ಇತ್ತು.

ಎತ್ತಿದ ಕೈ ಇಳಿಸುವುದಕ್ಕೂ ಯಾರಿಗೂ ಧೈರ್ಯ ಬರಲಿಲ್ಲ.

ಇನ್‌ಸ್ಪೆಕ್ಟರು ನೆಲ ನೋಡಿದರು, ಡಬ್ಬ ನೋಡಿದರು, ನನ್ನನ್ನು ನೋಡಿದರು. "ಅಮ್ಮ, ನಡುವಿನ ಲೆಕ್ಕ ಸಿಕ್ಕಿತು. ನಿಮ್ಮ ವ್ಯಾಪಾರ ಮಿತಿಯೊಳಗೇ ಇದೆ, ಉಳಿದದ್ದು ಕಳವು ಅಂತ ಬರೀತೀನಿ. ತೆರಿಗೆ ಬರೋದಿಲ್ಲ. ನಿಮ್ಮನ್ನ ದಿನವೂ ದೋಚ್ತಿದ್ದರು ಅಂತ ನೀವು ಒಪ್ಪಿ ರುಜು ಹಾಕಬೇಕು, ಅಷ್ಟೇ."

ಎದುರು ಹೋಟೆಲಿನವನು ಬಾಗಿಲಲ್ಲಿ ಕಿಸಕ್ಕನೆ ನಕ್ಕ. "ಆಕು ಅಕ್ಕಾ, ಆಕು ರುಜೂನ."

ಒಂದು ಕಡೆ ನನ್ನ ಶೀಟು, ಇನ್ನೊಂದು ಕಡೆ ಅವನ ಹಲ್ಲು. ಪೆನ್ನು ಇಸಿದುಕೊಂಡೆ.

"ಆಕ್ತೀನಿ ಸಾಮಿ. ಆದ್ರೆ ಇದನ್ನೂ ಅದರ ಕೆಳಗೇ ಬರೀರಿ. ಎದುರು ಓಟ್ಲಲ್ಲಿ ಇವತ್ತಿನವರೆಗೂ ಒಂದು ವಡೇನೂ ಯಾರೂ ಕದ್ದಿಲ್ಲ."